ಕೊನೆಯ ಸಲ ಕುಡಿದಿದ್ದು ಎಷ್ಟು ಹೊತ್ತಿಗೆ?

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹದಿನಾಲ್ಕು ವರ್ಷ ಆಯ್ತು. ಜಾಸ್ತಿ ಕೆಲಸ ಮಾಡಿದ್ದು ಗಂಡಸರ ವಾರ್ಡಿನಲ್ಲಿ, ಮೊದಲು ಮೂಳೆ ವಿಭಾಗ, ಆಮೇಲೆ ಮೆಡಿಕಲ್. ಕುಡಿತ ಬಿಡಿಸುವ ವಾರ್ಡಿನಲ್ಲಿ ಒಂದು ದಿನವೂ ಡ್ಯೂಟಿ ಮಾಡಿಲ್ಲ. ಆದರೂ ಕುಡಿತ ನಿಂತ ಮೈ ಹೇಗೆ ಒದ್ದಾಡುತ್ತದೆ ಅನ್ನೋದನ್ನು ಕಣ್ಣಾರೆ ಬೇಕಾದಷ್ಟು ನೋಡಿದ್ದೇನೆ. ಯಾಕೆಂದರೆ ನಮ್ಮಲ್ಲಿಗೆ ಬರುವವರು ಕುಡಿತ ಬಿಡೋಕೆ ಅಂತ ಬರುವುದಿಲ್ಲ. ಕಾಲು ಮುರಿದುಕೊಂಡು ಬರುತ್ತಾರೆ, ಹರ್ನಿಯಾ ಅಂತ ಬರುತ್ತಾರೆ, ಜ್ವರ ಕೆಮ್ಮು ಅಂತ ಬರುತ್ತಾರೆ. ಮಂಚದ ಮೇಲೆ ಮಲಗಿದ ಮೇಲೆ ಎಣ್ಣೆ ಸಿಗುವುದಿಲ್ಲ, ಅಷ್ಟೇ.

ನನಗೆ ಇದನ್ನು ಕಲಿಸಿದ್ದು ಒಬ್ಬ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಕೊನೆ (ಗೊನೆ) ಕೊಯ್ಯುವವರು. ಅಡಿಕೆ ಮರದಿಂದ ಬಿದ್ದು ತೊಡೆ ಮೂಳೆ ಮುರಿದಿತ್ತು. ಸೋಮವಾರ ಮಧ್ಯಾಹ್ನ ಅಡ್ಮಿಟ್ ಆದರು. ತಲೆಯ ಸ್ಕ್ಯಾನ್ ಮಾಡಿಸಿದ್ದರು, ಏನೂ ಇರಲಿಲ್ಲ. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದೆವು, ವಾರದಲ್ಲಿ ಆಪರೇಷನ್. ಮಂಗಳವಾರ ಸಂಜೆ ಬೆವರು, ಕೈ ನಡುಕ, ನಾಡಿ 110 ದಾಟಿತ್ತು. ನಾನು ನೋವಿಗೆ ಅಂದುಕೊಂಡೆ. ನೋವಿನ ಇಂಜೆಕ್ಷನ್ ಕೊಟ್ಟು ಚಾರ್ಟಿನಲ್ಲಿ ಬರೆದು ಮುಂದಿನ ಮಂಚಕ್ಕೆ ಹೋದೆ. ಬುಧವಾರ ರಾತ್ರಿ ಎರಡು ಗಂಟೆಗೆ ಡ್ರಿಪ್ಪಿನ ಪೈಪ್ ಕಿತ್ತು ಎರಡೂ ಕೈಯಲ್ಲಿ ಹಿಡಿದು ಕೊನೆ ಇಳಿಸೋ ಹಗ್ಗ, ಮಿಣಿ ಬಿಡೋ ಹಾಗೆ ಕೆಳಗೆ ಬಿಡ್ತಿದ್ದರು. "ಹಿಡೀರೋ, ಕೊನೆ ಬಂತು, ಹಿಡೀರೋ" ಅಂತ ಕೂಗು. ಮುರಿದ ಕಾಲಿನಲ್ಲೇ ಮಂಚದಿಂದ ಇಳಿಯೋಕೆ ನೋಡ್ತಿದ್ದರು. ಅವರ ಕಣ್ಣಿಗೆ ಅದು ವಾರ್ಡೇ ಅಲ್ಲ, ತೋಟ. ನಾವು ನಾಲ್ಕು ಜನ ಸೇರಿ ಬ್ಯಾಂಡೇಜ್ ಬಟ್ಟೆಯಲ್ಲಿ ಕೈ ಕಟ್ಟಿದೆವು. ಕಟ್ಟಿದಷ್ಟೂ ಜಗ್ಗಿದರು. ಬೆಳಗಿನ ಜಾವ ಫಿಟ್ಸ್ ಬಂತು. ಐಸಿಯುಗೆ ಹಾಕಿದರು.

ಉಳಿದರು. ಆದರೆ ಆಪರೇಷನ್ ಹನ್ನೆರಡು ದಿನ ಮುಂದೆ ಹೋಯಿತು, ಎರಡೂ ಮಣಿಕಟ್ಟಿನಲ್ಲಿ ಚರ್ಮ ಕಿತ್ತು ಗಾಯ ಆಗಿತ್ತು. ಅದಕ್ಕೆ ಡ್ರೆಸ್ಸಿಂಗ್ ಮಾಡ್ತಿದ್ದಾಗ ಅವರ ಹೆಂಡತಿ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದರು: "ದಿನಾ ಕುಡೀತಿದ್ರು ಸಿಸ್ಟರ್. ಬೆಳಗ್ಗೆ ಮರ ಹತ್ತೋಕೆ ಮುಂಚೆನೂ ಬೇಕಿತ್ತು. ನೀವು ಯಾರೂ ಕೇಳ್ಲಿಲ್ವಲ್ಲ."

ಹೌದು, ಕೇಳಿರಲಿಲ್ಲ. ಕೇಸ್ ಶೀಟ್ ತೆಗೆದು ನೋಡಿದೆ. ಶುಗರ್ ಇದೆಯಾ, ಬಿಪಿ ಇದೆಯಾ, ಅಲರ್ಜಿ ಇದೆಯಾ, ಎಲ್ಲಾ ಬರೆದಿದ್ದೆವು. ಕುಡಿತದ ಜಾಗ ಖಾಲಿ.

ಅವತ್ತಿಂದ ನಾನು ಪ್ರತಿಯೊಬ್ಬರನ್ನೂ ಕೇಳುತ್ತೇನೆ. ಮೇಷ್ಟ್ರಿರಲಿ, ಪೂಜಾರಿ ಇರಲಿ, ಎಪ್ಪತ್ತು ವರ್ಷದ ಅಜ್ಜ ಇರಲಿ. ಹೆಂಗಸರ ವಾರ್ಡಿನಲ್ಲಿ ಡ್ಯೂಟಿ ಬಿದ್ದರೆ ಹೆಂಗಸರನ್ನೂ ಕೇಳುತ್ತೇನೆ. ಕೇಳುವ ರೀತಿ ಕಲಿಯೋಕೆ ಮಾತ್ರ ಸಮಯ ಹಿಡಿಯಿತು. "ಕುಡೀತೀರಾ?" ಅಂತ ನೇರವಾಗಿ ಕೇಳಿದರೆ, ಅದರಲ್ಲೂ ಮಗಳೋ ಸೊಸೆಯೋ ಪಕ್ಕದಲ್ಲಿದ್ದರೆ, "ಛೆ, ಇಲ್ಲಮ್ಮ" ಅನ್ನುತ್ತಾರೆ. ಅದಕ್ಕೇ ಜೊತೆಗಿದ್ದವರನ್ನು ಔಷಧಿ ಚೀಟಿ ಕೊಟ್ಟು ಹೊರಗೆ ಕಳಿಸುತ್ತೇನೆ. ಆಮೇಲೆ ಊಟ, ನಿದ್ದೆ, ಬೀಡಿ ಎಲ್ಲಾ ಕೇಳುತ್ತಾ ಅದೇ ದನಿಯಲ್ಲಿ, "ಎಣ್ಣೆ ದಿನಕ್ಕೆ ಎಷ್ಟಣ್ಣ, ಒಂದು ಕ್ವಾರ್ಟರಾ ಎರಡಾ?" ಅಂತೀನಿ. ಕುಡಿಯದವರು ನಕ್ಕು ಇಲ್ಲ ಅನ್ನುತ್ತಾರೆ. ಕುಡಿಯುವವರು ಲೆಕ್ಕ ಹೇಳುತ್ತಾರೆ. ನಮ್ಮ ಕಡೆ 180 ಎಂಎಲ್ ಕ್ವಾರ್ಟರ್ ಅಂದರೆ ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. "ಒಂದೇ ಒಂದು ಕ್ವಾರ್ಟರ್ ಸಿಸ್ಟರ್, ಜಾಸ್ತಿ ಇಲ್ಲ" ಅಂದರೆ ಅದು ಕಡಿಮೆ ಅಲ್ಲ.

ಇನ್ನೂ ಮೂರು ಪ್ರಶ್ನೆ ಬಿಡುವುದಿಲ್ಲ. ಬೆಳಗ್ಗೆ ಎದ್ದ ತಕ್ಷಣ ಬೇಕಾಗುತ್ತಾ? ಹಿಂದೆ ಯಾವಾಗಾದರೂ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಏನೇನೋ ಕಾಣಿಸಿತ್ತಾ? ಕೊನೆಯ ಸಲ ಕುಡಿದಿದ್ದು ಎಷ್ಟು ಹೊತ್ತಿಗೆ? ಈ ಕೊನೆಯದನ್ನು ಗಂಟೆ ಸಮೇತ ಬರೆಯಬೇಕು. "ನಿನ್ನೆ" ಅಂತ ಬರೆದರೆ ಸಾಲದು. ಯಾಕೆಂದರೆ ಆರೆಂಟು ಗಂಟೆಯಾಗುತ್ತಿದ್ದ ಹಾಗೆ ನಡುಕ, ಬೆವರು, ವಾಕರಿಕೆ ಶುರುವಾಗಬಹುದು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನದ ಒಳಗೆ. ಡಿಟಿ (ಡೆಲಿರಿಯಮ್ ಟ್ರೆಮೆನ್ಸ್), ಅಂದರೆ ಆ ಕೊನೆಗಾರನಿಗೆ ಆಯ್ತಲ್ಲ ಆ ನಡುಕ, ಭ್ರಮೆ, ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದ ನಡುವೆ. ಗಂಟೆ ಗೊತ್ತಿದ್ದರೆ ಯಾವ ರಾತ್ರಿ ಎಚ್ಚರ ಇರಬೇಕು ಅಂತ ಮೊದಲೇ ಗೊತ್ತಾಗುತ್ತದೆ. ಬಾಯಿ ಬಿಡದವರೂ ಇರುತ್ತಾರೆ, ಆಗ ಒಪ್ಪಿಗೆ ಪತ್ರದ ಸಹಿ ನೋಡುತ್ತೇನೆ. ಓದು ಬರಹ ಬಲ್ಲವರು ಸಹಿ ಬೇಡ ಹೆಬ್ಬೆಟ್ಟು ಒತ್ತುತ್ತೇನೆ ಅಂದರೆ ಒಂದು ಸಲ ಕೈ ಮುಂದೆ ಚಾಚೋಕೆ ಹೇಳಿ, ಬೆರಳು ನಡುಗುತ್ತಾ ನೋಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಅಂತಲೇ ಒಂದು ಕೇಂದ್ರ ಇದೆ. ಅಲ್ಲಿ ಕೆಲಸ ಮಾಡಿ ಬಂದ ಗೆಳತಿಯೊಬ್ಬಳು ನನಗೆ ಸೀವಾ ಚಾರ್ಟ್ ತುಂಬುವುದನ್ನು ಕಲಿಸಿದಳು. ಕುಡಿತ ನಿಂತಾಗಿನ ತೊಂದರೆ ಎಷ್ಟು ಜೋರಾಗಿದೆ ಅಂತ ಅಳೆಯುವ ಪಟ್ಟಿ ಅದು. ಹತ್ತು ಅಂಶ, ಒಟ್ಟು 67 ಅಂಕ. ವಾಕರಿಕೆ, ನಡುಕ, ಬೆವರು, ಆತಂಕ, ಚಡಪಡಿಕೆ, ತಲೆನೋವು, ಮೈಮೇಲೆ ಹರಿದಾಡಿದ ಹಾಗೆ ಅನಿಸುವುದು, ಇಲ್ಲದ್ದು ಕೇಳಿಸುವುದು, ಕಾಣಿಸುವುದು, ಜಾಗ ದಿನದ ಅರಿವು. 15 ದಾಟಿದರೆ ನಾನು ಡ್ಯೂಟಿ ಡಾಕ್ಟರನ್ನು ಎಬ್ಬಿಸುತ್ತೇನೆ, ಎಷ್ಟೇ ರಾತ್ರಿ ಇರಲಿ. ಪ್ರಶ್ನೆಗಳನ್ನು ನಮ್ಮ ಜನಕ್ಕೆ ಹೊಂದಿಸಿಕೊಂಡೆ. ಇವತ್ತು ಎಷ್ಟನೇ ತಾರೀಕು ಅಂದರೆ ಚೆನ್ನಾಗಿರುವವರಿಗೇ ಗೊತ್ತಿರಲ್ಲ. "ನಿಮ್ಮೂರ ಸಂತೆ ಯಾವ ವಾರ? ಅದು ಆಗಿ ಎಷ್ಟು ದಿನ ಆಯ್ತು?" ಅಂತ ಕೇಳಿದರೆ ತಕ್ಷಣ ತಿಳಿಯುತ್ತದೆ. ಒಂದು ಮಾತು, ಮಾತಾಡಲಾರದ ರೋಗಿಗೆ ಈ ಚಾರ್ಟ್ ನಂಬಬೇಡಿ. ಜ್ವರ, ಶುಗರ್ ಇಳಿದಿರುವುದು, ತಲೆಗೆ ಪೆಟ್ಟು, ಇವೂ ಹೀಗೇ ಕಾಣುತ್ತವೆ. "ಕುಡಿಯೋರು, ಅದಕ್ಕೇ ಹೀಗೆ" ಅಂತ ಬಿಟ್ಟುಬಿಟ್ಟರೆ ತಲೆಯೊಳಗಿನ ರಕ್ತಸ್ರಾವ ತಪ್ಪಿಹೋಗುತ್ತದೆ.

ಔಷಧಿ ಬರೆಯುವುದು ಡಾಕ್ಟರ ಕೆಲಸ, ಆದರೆ ಕೈಯಲ್ಲಿ ಕೊಡುವವರು ನಾವು. ಮೊದಲು ಥಯಾಮಿನ್, ಅಂದರೆ ಬಿ1. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಅದು ಬರಿದಾಗಿರುತ್ತದೆ, ಮಾತ್ರೆ ಕೊಟ್ಟರೆ ಕರುಳು ಸರಿಯಾಗಿ ಹೀರುವುದಿಲ್ಲ, ಹಾಗಾಗಿ ಇಂಜೆಕ್ಷನ್ನೇ ಬೇಕು. ಮನೆಯವರು "ಸುಸ್ತು ಸಿಸ್ಟರ್, ಒಂದು ಗ್ಲೂಕೋಸ್ ಹಾಕಿ" ಅಂತ ಬೆನ್ನು ಹತ್ತುತ್ತಾರೆ. ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಇದ್ದ ಚೂರುಪಾರು ಬಿ1 ಕೂಡ ಖರ್ಚಾಗಿ ಮೆದುಳಿಗೆ ಪೆಟ್ಟಾಗಬಹುದು. ಕಣ್ಣುಗುಡ್ಡೆ ಸರಿಯಾಗಿ ಹೊರಳದೆ ಇರುವುದು, ನಡಿಗೆ ತೂರಾಡುವುದು, ಗೊಂದಲ, ಈ ಮೂರರಲ್ಲಿ ಒಂದು ಕಂಡರೂ ಹೇಳಿಬಿಡುತ್ತೇನೆ. ಶುಗರ್ ನಿಜವಾಗಿ ಇಳಿದಿದ್ದರೆ ಮಾತ್ರ ಗ್ಲೂಕೋಸಿಗೆ ಕಾಯುವ ಹಾಗಿಲ್ಲ, ಎರಡೂ ಒಟ್ಟಿಗೆ. ನಡುಕ, ಫಿಟ್ಸ್ ತಡೆಯೋಕೆ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್. ಲಿವರ್ ಕೆಟ್ಟಿರುವವರಿಗೆ, ಕಣ್ಣು ಹಳದಿ ಇರುವವರಿಗೆ ಲೊರಾಜೆಪಾಮ್ ಬರೆಯುತ್ತಾರೆ. ಪ್ರತಿ ಡೋಸಿಗೆ ಮುಂಚೆ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತೇನೆ, ಹೆಸರು ಹಿಡಿದು ಕರೆದು ಏಳುತ್ತಾರಾ ನೋಡುತ್ತೇನೆ. ಏಳದಿದ್ದರೆ ಆ ಡೋಸ್ ನಿಲ್ಲಿಸಿ ಡಾಕ್ಟರಿಗೆ ಫೋನ್.

ಈಗ ರಾತ್ರಿಯ ವಿಷಯ. ನನ್ನ ಪ್ರಕಾರ ನರ್ಸ್ ಕೈಯಲ್ಲಿ ಅರ್ಧ ಚಿಕಿತ್ಸೆ ಇರುವುದು ಇಲ್ಲೇ. ಪೂರ್ತಿ ಲೈಟ್ ಆರಿಸಬೇಡಿ. ಕತ್ತಲೆಯಲ್ಲಿ ನೆರಳುಗಳೆಲ್ಲ ಎದ್ದು ಬರುತ್ತವೆ. ಒಬ್ಬರು ಕಿಟಕಿ ಸರಳಿಗೆ ಒಣಹಾಕಿದ್ದ ಲುಂಗಿ ನೋಡಿ ಯಾರೋ ನೇಣು ಹಾಕಿಕೊಂಡಿದ್ದಾರೆ ಅಂತ ರಾತ್ರಿಯಿಡೀ ಅತ್ತರು. ಲುಂಗಿ ತೆಗೆದ ಮೇಲೆ ಸುಮ್ಮನಾದರು. ಈಗ ಅಂಥ ಮಂಚದ ಸುತ್ತ ಏನೂ ನೇತುಹಾಕಲು ಬಿಡುವುದಿಲ್ಲ. ಸ್ಯಾನಿಟೈಸರ್ ಬಾಟಲಿ, ಸ್ಪಿರಿಟ್ ಬಾಟಲಿ ಕೈಗೆ ಸಿಗುವ ಹಾಗೆ ಇಡುವುದಿಲ್ಲ, ಅದನ್ನೂ ಕುಡಿಯುತ್ತಾರೆ. ಬಾಯಿಂದ ತೆಗೆದುಕೊಳ್ಳುವ ಹಾಗಿದ್ದರೆ ಗಂಜಿ, ಮಜ್ಜಿಗೆ, ಓಆರ್‌ಎಸ್ ಸ್ವಲ್ಪ ಸ್ವಲ್ಪವಾಗಿ ಕೊಡಿಸುತ್ತೇನೆ.

ಇಲ್ಲದ್ದು ಕಂಡಾಗ ವಾದ ಮಾಡಬಾರದು, ಹೌದು ಹೌದು ಅಂತ ತಲೆಯಾಡಿಸಲೂಬಾರದು. "ಹಾಸಿಗೆ ತುಂಬಾ ಇರುವೆ ಸಿಸ್ಟರ್" ಅಂದರೆ, "ನನಗೆ ಕಾಣ್ತಿಲ್ಲ ಅಣ್ಣ. ನಿಮಗೆ ಹಾಗೆ ಅನಿಸ್ತಿದೆ, ಭಯ ಆಗ್ತಿದೆ ಅಂತ ಗೊತ್ತು. ಇದು ಆಸ್ಪತ್ರೆ, ಈಗ ರಾತ್ರಿ ಮೂರು ಗಂಟೆ, ನಾನು ಇಲ್ಲೇ ಇದ್ದೀನಿ" ಅನ್ನುತ್ತೇನೆ. ಹತ್ತು ನಿಮಿಷಕ್ಕೆ ಮತ್ತೆ ಅದೇ ಹೇಳಬೇಕಾಗುತ್ತದೆ. ಹೇಳುತ್ತೇನೆ. ಕೈ ಕಟ್ಟುವುದು ಕೊಟ್ಟ ಕೊನೆಗೆ, ಬೇರೆ ದಾರಿಯೇ ಇಲ್ಲದಾಗ. 2017ರ ಮಾನಸಿಕ ಆರೋಗ್ಯ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ತಕ್ಷಣದ ಅಪಾಯ ತಪ್ಪಿಸೋಕೆ ಇನ್ಯಾವ ದಾರಿಯೂ ಇಲ್ಲದಾಗ, ಮನೋವೈದ್ಯರ ಅನುಮತಿಯ ಮೇಲೆ, ಬರೆದಿಟ್ಟು, ಬೇಕಾದಷ್ಟೇ ಹೊತ್ತು. ಸಿಬ್ಬಂದಿ ಕಡಿಮೆ ಇದ್ದಾರೆ ಅನ್ನೋ ಕಾರಣಕ್ಕೆ ಕಟ್ಟುವ ಹಾಗಿಲ್ಲ ಅಂತಲೂ ಅದರಲ್ಲಿದೆ. ನಲವತ್ತು ರೋಗಿಗಳಿಗೆ ಒಬ್ಬಳೇ ಇರುವ ರಾತ್ರಿಯಲ್ಲಿ ಅದನ್ನು ಪಾಲಿಸೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಆ ಮಣಿಕಟ್ಟಿನ ಗಾಯ ನಾನೇ ತೊಳೆದಿದ್ದೇನೆ. ಈಗ ಅಂಥವರ ಮಂಚವನ್ನು ನನ್ನ ಮೇಜಿನ ಎದುರಿಗೇ ಎಳೆದುಕೊಳ್ಳುತ್ತೇನೆ, ಮನೆಯವರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸುತ್ತೇನೆ.

ಒಮ್ಮೆಲೇ ಬಿಟ್ಟವರ ಬಗ್ಗೆಯೂ ಹೇಳಬೇಕು. 2020ರ ಲಾಕ್‌ಡೌನಿನಲ್ಲಿ ಮೇ 4ರಂದು ಮದ್ಯದಂಗಡಿ ತೆರೆಯುವ ತನಕ ನಮ್ಮಲ್ಲಿಗೆ ಬಂದವರನ್ನು ಮರೆಯೋಕೆ ಆಗಲ್ಲ. ಅದು ಬಿಟ್ಟರೆ ಪ್ರತಿ ವರ್ಷ ಅಯ್ಯಪ್ಪ ಮಾಲೆಯ ಸಮಯ. ಭಕ್ತಿಯಿಂದ, ಗಟ್ಟಿ ಮನಸ್ಸು ಮಾಡಿ ಒಂದೇ ದಿನಕ್ಕೆ ನಿಲ್ಲಿಸುತ್ತಾರೆ. ಮಾಲೆ ಹಾಕಿದ ಎರಡನೇ ದಿನ ಫಿಟ್ಸ್. ಮನೆಯವರು ವ್ರತದಲ್ಲಿ ಏನೋ ತಪ್ಪಾಯ್ತು, ಸ್ವಾಮಿಗೆ ಕೋಪ ಬಂತು ಅಂತ ನಡುಗುತ್ತಾ ಬರುತ್ತಾರೆ. ತಪ್ಪು ವ್ರತದ್ದಲ್ಲ. ದಿನಾ ಕುಡಿಯುವವರು ಮಾಲೆ ಹಾಕುವ ಮುಂಚೆ ಡಾಕ್ಟರ ಹತ್ತಿರ ಹೋಗಿ ಹೀಗೆ ಬಿಡಬೇಕು ಅಂತಿದ್ದೀನಿ ಅಂತ ಹೇಳಿ, ಮಾತ್ರೆ ತಗೊಂಡು ಬಿಡಿ. ಗುರುಸ್ವಾಮಿಗಳೂ ಇದನ್ನು ಹೇಳಿದರೆ ಎಷ್ಟೋ ಜನ ಉಳಿಯುತ್ತಾರೆ.

ನೋವಿನ ಮಾತ್ರೆಗಳ ಚಟಕ್ಕೆ ಬಿದ್ದ ಹುಡುಗರೂ ಈಗೀಗ ಬರುತ್ತಾರೆ. ಅವರದ್ದು ಬೇರೆ ಚಿತ್ರ: ಆಕಳಿಕೆ, ಮೂಗು ಸೋರುವುದು, ರೋಮ ನಿಲ್ಲುವುದು, ಭೇದಿ, ಮೈಯೆಲ್ಲಾ ನೋವು. ಜೀವಕ್ಕೆ ಅಪಾಯ ಕುಡಿತ ಬಿಟ್ಟಾಗಿನಷ್ಟು ಇಲ್ಲ, ಸಂಕಟ ಮಾತ್ರ ಕಡಿಮೆಯಲ್ಲ.

ಮನೆಯವರ ಜೊತೆ ಮಾತಾಡೋಕೂ ಸಮಯ ಇಟ್ಟುಕೊಳ್ಳಬೇಕು. ಒಬ್ಬ ತಾಯಿ ಸೆರಗಿನಲ್ಲಿ ಕಟ್ಟಿಕೊಂಡ ಮಾತ್ರೆ ತೋರಿಸಿದರು. "ಯಾರೋ ಕೊಟ್ರು ಸಿಸ್ಟರ್. ಅವನಿಗೆ ಹೇಳದೆ ಸಾರಿಗೆ ಹಾಕ್ತೀನಿ." ನೋಡಿದರೆ ಡೈಸಲ್ಫಿರಾಮ್. "ಬೇಡಮ್ಮ. ಇದು ಮೈಯಲ್ಲಿರುವಾಗ ಗೊತ್ತಿಲ್ಲದೆ ಕುಡಿದರೆ ವಾಂತಿ ಆಗುತ್ತೆ, ಎದೆ ಹೊಡ್ಕೊಳ್ಳುತ್ತೆ, ಬಿಪಿ ಬಿದ್ದು ಜೀವಕ್ಕೇ ಬರಬಹುದು. ಅವನಿಗೆ ಗೊತ್ತಿದ್ದು, ಅವನು ಒಪ್ಪಿ, ಡಾಕ್ಟರ್ ನೋಡಿ ಕೊಡುವ ಔಷಧಿ ಇದು." ಅವರು ಅಲ್ಲೇ ಕೂತು ಅತ್ತರು. ಎಂಟು ವರ್ಷದಿಂದ ಹೊಡೆತ ತಿಂದವರು. ಅವರ ಕೈ ಹಿಡಿದು ಕೂತುಕೊಳ್ಳುವುದೂ ನನ್ನ ಡ್ಯೂಟಿ ಅಂತಲೇ ನಾನು ತಿಳಿದಿದ್ದೇನೆ.

ಡಿಸ್ಚಾರ್ಜ್ ದಿನ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನ ಬಿಡಿಸುವ ಸಹಾಯವಾಣಿ 14446, ಎರಡಕ್ಕೂ ದುಡ್ಡಿಲ್ಲ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಇದ್ದರೆ ಅದೂ. ನಡುಕ ನಿಂತಿತು ಅಂದರೆ ಚಟ ಬಿಟ್ಟಿತು ಅಂತಲ್ಲ ಅನ್ನುವುದನ್ನು ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಕೂರಿಸಿ ಹೇಳುತ್ತೇನೆ. ಹ್ಯಾಂಡೋವರಿನಲ್ಲಿ "ಆ ಕುಡುಕ, ಏಳನೇ ಬೆಡ್" ಅಂತ ಯಾರಾದರೂ ಅಂದರೆ ಹೆಸರು ಹೇಳಿ ಅಂತೀನಿ.

ಹೋದ ವರ್ಷ ಹರ್ನಿಯಾ ಆಪರೇಷನ್ನಿಗೆ ಬಂದ ಒಬ್ಬ ಲಾರಿ ಡ್ರೈವರ್ ಸಹಿ ಮಾಡಲಾಗದೆ ಹೆಬ್ಬೆಟ್ಟು ಒತ್ತಿದ್ದರು. ಕೇಳಿದೆ, ಹೇಳಿದರು, ಔಷಧಿ ಸಮಯಕ್ಕೆ ಶುರುವಾಯಿತು. ಫಿಟ್ಸ್ ಬರಲಿಲ್ಲ, ಯಾರೂ ಕೈ ಕಟ್ಟಲಿಲ್ಲ. ಡಿಸ್ಚಾರ್ಜ್ ಪತ್ರಕ್ಕೆ ಪೂರ್ತಿ ಹೆಸರು ಬರೆದು ಸಹಿ ಹಾಕಿ ಹೋದರು. ಐದು ತಿಂಗಳಿಗೆ ಮತ್ತೆ ಬಂದರು, ಹೊಟ್ಟೆನೋವು, ಮತ್ತೆ ಕುಡಿತ ಶುರುವಾಗಿತ್ತು. ನಾನು ಕೇಸ್ ಶೀಟ್ ತೆಗೆಯುವ ಮುಂಚೆಯೇ ಅವರೇ ಹೇಳಿದರು: "ನಿನ್ನೆ ರಾತ್ರಿ ಹತ್ತೂವರೆ, ಸಿಸ್ಟರ್. ಎರಡು ಕ್ವಾರ್ಟರ್. ಬರ್ಕೊಳ್ಳಿ."