ಹತ್ತಿ ಕ್ಯಾಲಸ್: ಹಸಿರನ್ನು ಬಿಟ್ಟುಕೊಟ್ಟ ಮೇಲೆ

ನಮ್ಮದು ಹತ್ತಿ ಬೆಳೆಯುವ ಮನೆ. ಎರೆ ಹೊಲದಲ್ಲಿ ಹಸಿರು ಕಂಡರೆ ಜೀವಕ್ಕೆ ಸಮಾಧಾನ. ಲ್ಯಾಬಿನಲ್ಲಿ ಹತ್ತಿಯ ಅಂಗಾಂಶ ಕೃಷಿ, ಅಂದರೆ ಗಿಡದ ತುಂಡಿನಿಂದಲೇ ಹೊಸ ಗಿಡ ಎಬ್ಬಿಸುವ ಕೆಲಸ, ಶುರು ಮಾಡಿದಾಗ ಅದೇ ರೂಢಿ ನನ್ನ ಆರು ತಿಂಗಳು ತಿಂದುಹಾಕಿತು.

ಎರಡು ತಳಿ ಇಟ್ಟುಕೊಂಡಿದ್ದೆ. ಒಂದು ನಮ್ಮ ಕಡೆಯ ಸಹನಾ, ಇನ್ನೊಂದು ಅಮೆರಿಕದ ಕೋಕರ್ 312. ಬೀಜಕ್ಕಂಟಿದ ನವಿರು ಅರಳೆಯನ್ನು ಗಂಧಕಾಮ್ಲದಲ್ಲಿ ಸುಟ್ಟು, ತೊಳೆದು, ಕ್ರಿಮಿಶುದ್ಧಿ ಮಾಡಿ ಮೊಳಕೆಗೆ ಇಟ್ಟೆ. ಏಳನೇ ದಿನ ಬೇರಿಗೂ ಬೀಜದೆಲೆಗೂ ನಡುವಿನ ಎಳೆ ಕಾಂಡವನ್ನು 5 ಮಿ.ಮೀ. ತುಂಡು ಮಾಡಿ ಮೀಡಿಯಾ, ಅಂದರೆ ತುಂಡಿಗೆ ಬೇಕಾದ ಪೋಷಕಾಂಶದ ಹದ, ಅದರ ಮೇಲೆ ಮಲಗಿಸಿದೆ. ಅದರಲ್ಲಿ ಅಂಗಾಂಶ ಕೃಷಿಗೆ ರೂಢಿಯಲ್ಲಿರುವ ಮಿಶ್ರಣಗಳಾದ ಎಂಎಸ್ ಲವಣ, ಬಿ5 ವಿಟಮಿನ್, ಲೀಟರಿಗೆ 30 ಗ್ರಾಂ ಗ್ಲೂಕೋಸ್, 0.1 ಮಿ.ಗ್ರಾಂ 2,4-ಡಿ, 0.5 ಮಿ.ಗ್ರಾಂ ಕೈನೆಟಿನ್ (ಈ ಎರಡು ಸಸ್ಯ ಹಾರ್ಮೋನಿನ ಕೆಲಸ ಮಾಡುವವು), ಪಿಎಚ್ 5.8. ಸಕ್ಕರೆ ಹಾಕಿದರೆ ತುಂಡುಗಳು ಬೇಗ ಕಂದು ತಿರುಗುತ್ತವೆ, ಅದಕ್ಕೇ ಗ್ಲೂಕೋಸ್.

2,4-ಡಿ ಅಂದರೆ ನಮ್ಮೂರಲ್ಲಿ ಭಯ. ಪಕ್ಕದ ಹೊಲದವರು ಕಳೆಗೆ ಹೊಡೆದದ್ದು ಗಾಳಿಗೆ ಹಾರಿ ಬಂದರೆ ಹತ್ತಿ ಎಲೆ ಬೆಂಡೆ ಎಲೆಯ ಹಾಗೆ ಸೀಳಿಕೊಳ್ಳುತ್ತದೆ. ಇಲ್ಲಿ ಅದನ್ನೇ ಅಳೆದು ಅಳೆದು ಹಾಕಬೇಕು.

ಐದು ವಾರಕ್ಕೆ ತುಂಡಿನ ತುದಿಗಳು ಊದಿ ಕ್ಯಾಲಸ್, ಅಂದರೆ ಬೇರು ಎಲೆ ಅಂತ ರೂಪವಿಲ್ಲದ ಜೀವಕೋಶಗಳ ಮುದ್ದೆ, ಬಂತು. ಕೆಲವು ಗಟ್ಟಿ, ಹಚ್ಚ ಹಸಿರು. ಎಷ್ಟು ಚೆಂದ ಅನ್ನಿಸಿತು! ತಿಂಗಳಿಗೊಮ್ಮೆ ಹೊಸ ಮೀಡಿಯಾಗೆ ಹಾಕಿ ಅವನ್ನೇ ಸಾಕಿದೆ. ಮಾಸಲು ಬಣ್ಣದವನ್ನು ಕೆಟ್ಟಿವೆ ಅಂತ ಬಿಸಾಡಿದೆ. ಹಸಿರಿನಿಂದ ಮುಂದೆ ಗಿಡವಾಗಬೇಕಾದ ಒಂದು ಭ್ರೂಣವೂ ಏಳಲಿಲ್ಲ. ಕೊನೆಗೆ ಲ್ಯಾಬಿನ ಹಿರಿಯ ಅಕ್ಕ ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದರು. “ಹಸಿರು ಬಿಡವ್ವ. ರವೆ ಹಂಗ ಉದುರೋದನ್ನ ಹುಡುಕು” ಅಂದರು.

ಮತ್ತೆ ಮೊದಲಿನಿಂದ ಶುರು. ಈ ಸಲ ಕೆನೆ ಬಣ್ಣದ, ಚಿಮಟದಲ್ಲಿ ಮುಟ್ಟಿದರೆ ಬಿಡಿಬಿಡಿಯಾಗುವ ಕ್ಯಾಲಸ್ಸನ್ನಷ್ಟೇ ಆರಿಸಿದೆ. ಹಾರ್ಮೋನ್ ಪೂರ್ತಿ ತೆಗೆದು, ಪೊಟ್ಯಾಸಿಯಂ ನೈಟ್ರೇಟ್ ಎರಡು ಪಟ್ಟು ಮಾಡಿದೆ. ನಾಲ್ಕನೇ ತಿಂಗಳಲ್ಲಿ ಕೋಕರ್ ತಟ್ಟೆಯೊಂದರಲ್ಲಿ ಗಸಗಸೆಯಂಥ ಮಣಿಗಳು ಕಂಡವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಲವು ದುಂಡಗೆ, ಕೆಲವು ಹೃದಯದ ಆಕಾರ, ಒಂದಕ್ಕಂತೂ ಆಗಲೇ ಎರಡು ಪುಟ್ಟ ಬೀಜದೆಲೆ. ಕೈ ನಡುಗಿತು.

ಅವ್ವ ಫೋನಿನಲ್ಲಿ, “ಬೀಜ ಊರಿದ್ರ ವಾರಕ್ಕ ಮೊಳಕಿ ಬರ್ತಿತ್ತಲ್ಲ?” ಅಂದಳು. ನಿಜವೇ. ಆದರೆ ಹೊಸ ಗುಣದ ವಂಶವಾಹಿ ಸೇರಿಸುವುದು ಒಂದು ಜೀವಕೋಶಕ್ಕೆ. ಆ ಒಂದರಿಂದಲೇ ಇಡೀ ಗಿಡ ಏಳಬೇಕು. ಅದಕ್ಕೆ ಈ ದಾರಿ.

ಭ್ರೂಣ ಬಂದರೂ ಅರ್ಧ ಕೆಲಸ ಬಾಕಿ. ಗಾಜಿನಂತೆ ನೀರು ತುಂಬಿಕೊಂಡ ಸಸಿಗಳು ಕುಂಡದಲ್ಲಿ ಉಳಿಯಲಿಲ್ಲ. ಗಟ್ಟಿ ಬೇರಿನವನ್ನು ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ, ದಿನಕ್ಕೊಂದು ತೂತು ಮಾಡುತ್ತಾ ಹೊರಗಿನ ಗಾಳಿಗೆ ಒಗ್ಗಿಸಿದೆ. ಒಂದು ಗಿಡ ಹೂ ಬಿಟ್ಟಿತು. ಬೆಳಿಗ್ಗೆ ಕೆನೆ ಬಣ್ಣ, ಮರುದಿನ ಗುಲಾಬಿ. ನಮ್ಮ ಹೊಲದ ಹೂವಿನ ಹಾಗೇ.

ಸಹನಾ ಮಾತ್ರ ಕ್ಯಾಲಸ್ ಕೊಟ್ಟಿತು, ಭ್ರೂಣ ಕೊಡಲಿಲ್ಲ. ಈಗ ಅದರ ಚಿಗುರಿನ ತುದಿಯನ್ನೇ ಕತ್ತರಿಸಿ ನೇರವಾಗಿ ಬೆಳೆಸುತ್ತಿದ್ದೇನೆ. ಅಲ್ಲಿ ಕ್ಯಾಲಸ್ ಗೊಡವೆಯೇ ಇಲ್ಲ. ಹಸಿರನ್ನೇ ನೋಡಿಕೊಂಡರಾಯಿತು.