ಪಂಚಮಿಗೆ ಮಕ್ಕಳನ್ನು ಊರಿಗೆ ಕರೆದುಕೊಂಡು ಬನ್ನಿ

ಬಾಗಲಕೋಟೆಯ ನವನಗರದಲ್ಲಿ, ಅವ್ವನ ಮನೆಯ ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನೆ ನಾಗರ ಪಂಚಮಿ ಮುಗಿಯಿತು. ಮಕ್ಕಳಿಬ್ಬರೂ ಬೇವಿನ ಮರದ ಜೋಕಾಲಿ ಬಿಟ್ಟು ಒಳಗೆ ಬರುತ್ತಿಲ್ಲ.

ನಾವು ಇಂಗ್ಲೆಂಡಿಗೆ ಹೋಗಿ 14 ವರ್ಷ ಆಯಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಪ್ರತಿ ವರ್ಷ ಹೊಸ ಕುಟುಂಬಗಳು ಅಲ್ಲಿಗೆ ಬರುತ್ತವೆ. ಮನೆ, ಶಾಲೆ, ಡಾಕ್ಟರು ಎಲ್ಲಾ ಒಂದು ಹದಕ್ಕೆ ಬಂದ ಮೇಲೆ ಅವರು ನನ್ನನ್ನು ಕೇಳುವುದು ಇದನ್ನೇ: "ಅಕ್ಕಾ, ಮಕ್ಕಳನ್ನ ಊರಿಗೆ ಯಾವಾಗ ಕರ್ಕೊಂಡು ಹೋಗ್ಲಿ? ಅಲ್ಲಿ ಏನೇನ್ ತೋರಿಸ್ಲಿ?"

ತೋರಿಸುವುದನ್ನು ಕಡಿಮೆ ಮಾಡಿ, ಇರುವುದನ್ನು ಜಾಸ್ತಿ ಮಾಡಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ಸಲ ಮಗಳನ್ನು ಕರೆತಂದಾಗ ಅವಳಿಗೆ ನಾಲ್ಕು ವರ್ಷ. ಏಪ್ರಿಲ್ ತಿಂಗಳು, 12 ದಿನದ ರಜೆ, ಒಂಬತ್ತು ಜಾಗ. ಬಿಸಿಲು 40 ಡಿಗ್ರಿ ಮುಟ್ಟಿತ್ತು. ಬಾದಾಮಿಯ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಮಗು ಅತ್ತಿತು. ಐದನೇ ದಿನಕ್ಕೆ ವಾಂತಿ, ಭೇದಿ ಶುರುವಾಯಿತು. ಅಜ್ಜಿಯ ಜೊತೆ ನೆಟ್ಟಗೆ ಎರಡು ದಿನವೂ ಕಳೆಯಲಿಲ್ಲ. ವಾಪಸ್ ಹೋದ ಮೇಲೆ "ಊರಲ್ಲಿ ಏನು ನೋಡಿದೆ?" ಅಂತ ಕೇಳಿದರೆ "ಕಾರು" ಅಂದಳು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಆದ್ದರಿಂದ ಮೊದಲು ಕಾಲದ ಮಾತು. ಈಸ್ಟರ್ ರಜೆಗೆ ಬರಬೇಡಿ. ಅಲ್ಲಿನ ಬೇಸಿಗೆ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ದಿನಗಳವರೆಗೆ, ಹೆಚ್ಚು ಕಡಿಮೆ ಆರು ವಾರ. ಸಾಮಾನ್ಯವಾಗಿ ನಮ್ಮ ಪಂಚಮಿ ಬೀಳುವುದೂ ಆ ಆರು ವಾರದ ಒಳಗೇ. ಬಿಸಿಲು ತಗ್ಗಿರುತ್ತದೆ, ಹೊಲ ಹಸಿರಾಗಿರುತ್ತದೆ, ಹೊಳೆ ತುಂಬಿರುತ್ತದೆ. ಬೆಳಗಾವಿ ಕಡೆಯವರಾದರೆ ಮಳೆ ಜಾಸ್ತಿ, ಮಕ್ಕಳ ರೇನ್‌ಕೋಟ್ ಅಲ್ಲಿಂದಲೇ ತನ್ನಿ. ಕ್ರಿಸ್‌ಮಸ್ ರಜೆಯೂ ಒಳ್ಳೆಯದೇ. ಎಳ್ಳು ಅಮಾವಾಸ್ಯೆ ಕೆಲವು ವರ್ಷ ಆ ಎರಡು ವಾರದಲ್ಲೇ ಸಿಗುತ್ತದೆ. ಆದರೆ ಅಗ್ಗದ ಟಿಕೆಟ್ ಆಸೆಗೆ ಶಾಲೆ ನಡೆಯುವಾಗ ಬರಬೇಡಿ. ಅನುಮತಿ ಇಲ್ಲದೆ ಮಗು ಐದು ದಿನ ಶಾಲೆ ತಪ್ಪಿಸಿದರೆ ಇಂಗ್ಲೆಂಡಿನಲ್ಲಿ ದಂಡ ಬೀಳಬಹುದು. ಒಂದು ಮಗುವಿಗೆ, ಅಪ್ಪ ಅಮ್ಮ ಇಬ್ಬರಿಗೂ ಬೇರೆ ಬೇರೆಯಾಗಿ 80 ಪೌಂಡ್. 21 ದಿನದಲ್ಲಿ ಕಟ್ಟದಿದ್ದರೆ ಅದು 160 ಆಗುತ್ತದೆ.

ಇನ್ನು ಕಾಗದ ಪತ್ರ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ನೀವು ಕೆಲಸದ ವೀಸಾದಲ್ಲಿ ಇರುವಾಗ ಅಲ್ಲಿ ಮಗು ಹುಟ್ಟಿದರೆ ಅದು ತಾನಾಗಿಯೇ ಬ್ರಿಟಿಷ್ ಪ್ರಜೆ ಆಗುವುದಿಲ್ಲ. ಅದಕ್ಕೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಆಗಲೇ ಅಲ್ಲಿನ ಪ್ರಜೆಯಾಗಿರಬೇಕು, ಇಲ್ಲವೇ ಕಾಯಂ ನೆಲೆಸುವ ಅನುಮತಿ ಪಡೆದಿರಬೇಕು. ಹಾಗಿಲ್ಲದಿದ್ದರೆ ಮಗುವಿಗೆ ಭಾರತದ ಪಾಸ್‌ಪೋರ್ಟ್ ಮಾಡಿಸಬೇಕು. ಹುಟ್ಟಿದ ಒಂದು ವರ್ಷದ ಒಳಗೆ ಭಾರತದ ಹೈಕಮಿಷನ್‌ನಲ್ಲಿ ಜನನ ನೋಂದಣಿ ಮಾಡಿಸಿ. ಆಮೇಲೆ, ಊರಿಗೆ ಹೊರಡುವ ಮೊದಲೇ ಮಗುವಿಗೆ ಇಂಗ್ಲೆಂಡಿನ ಡಿಪೆಂಡೆಂಟ್ ವೀಸಾ (ನಿಮ್ಮ ವೀಸಾದ ಮೇಲೆ ಕುಟುಂಬದವರಿಗೆ ಸಿಗುವುದು) ಮಾಡಿಸಿಕೊಳ್ಳಿ. ಅಲ್ಲೇ ಹುಟ್ಟಿದ ಕೂಸಿಗೆ ವೀಸಾ ಯಾಕೆ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಅದಿಲ್ಲದೆ ಹೊರಗೆ ಬಂದರೆ ವಾಪಸ್ ಹೋಗುವಾಗ ಕೂಸು ಇಲ್ಲೇ ಉಳಿಯಬೇಕಾಗುತ್ತದೆ.

ಮಗು ಬ್ರಿಟಿಷ್ ಪಾಸ್‌ಪೋರ್ಟ್ ಹೊಂದಿದ್ದರೆ ಓಸಿಐ ಮಾಡಿಸಿ, ಅಂದರೆ ಬೇರೆ ದೇಶದ ಪ್ರಜೆಯಾದ ಭಾರತೀಯ ಮೂಲದವರು ವೀಸಾ ಇಲ್ಲದೆ ಬಂದು ಹೋಗುವ ಕಾರ್ಡ್. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಪ್ರತಿ ಸಲ ಓಸಿಐ ಹೊಸದಾಗಿ ಮಾಡಿಸಬೇಕಿಲ್ಲ, ಆದರೆ ಹೊಸ ಪಾಸ್‌ಪೋರ್ಟ್ ಪ್ರತಿ ಮತ್ತು ಹೊಸ ಫೋಟೋವನ್ನು ಮೂರು ತಿಂಗಳ ಒಳಗೆ ಓಸಿಐ ವೆಬ್‌ಸೈಟಿಗೆ ಹಾಕಬೇಕು. ಮೂರು ವರ್ಷದ ಹಿಂದೆ ಮಗನ ಓಸಿಐ ಪುಸ್ತಕ ಮನೆಯ ಡ್ರಾಯರ್‌ನಲ್ಲೇ ಉಳಿದುಬಿಟ್ಟಿತ್ತು. ವಿಮಾನ ನಿಲ್ದಾಣದಲ್ಲಿ ಗೊತ್ತಾಯಿತು. ಆ ದಿನದ ವಿಮಾನ ಹೋಯಿತು, ಟಿಕೆಟ್ ದುಡ್ಡೂ ಹೋಯಿತು. ಈಗ ನಾಲ್ವರ ಪಾಸ್‌ಪೋರ್ಟ್, ಓಸಿಐ, ಮಕ್ಕಳ ಜನನ ಪ್ರಮಾಣಪತ್ರ ಎಲ್ಲಾ ಒಂದೇ ಚೀಲದಲ್ಲಿ ಇರುತ್ತವೆ. ಜನನ ಪ್ರಮಾಣಪತ್ರ ಯಾಕೆ ಅಂದರೆ, ನಮ್ಮ ಕಡೆ ಅಮ್ಮನ ಅಡ್ಡಹೆಸರು ಒಂದು, ಮಗುವಿನದು ಇನ್ನೊಂದು ಇರುವುದು ಸಾಮಾನ್ಯ. ಒಬ್ಬರೇ ಮಕ್ಕಳನ್ನು ಕರೆತಂದರೆ ಗಡಿಯಲ್ಲಿ ಕೇಳುತ್ತಾರೆ. ಇನ್ನೊಬ್ಬರ ಒಪ್ಪಿಗೆ ಪತ್ರವೂ ಜೊತೆಗಿರಲಿ.

ಲಸಿಕೆ ವಿಷಯಕ್ಕೆ ಆರರಿಂದ ಎಂಟು ವಾರ ಮೊದಲೇ ನಿಮ್ಮ ಜಿಪಿ (ಅಲ್ಲಿ ನೀವು ಹೆಸರು ಬರೆಸಿದ ಡಾಕ್ಟರು) ಹತ್ತಿರ ಮಾತಾಡಿ. ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಪುಕ್ಕಟೆ. "ನಾವು ಅಲ್ಲೇ ಬೆಳೆದವರು, ನಮ್ಮ ಮಕ್ಕಳಿಗೇನಾಗುತ್ತೆ" ಅನ್ನಬೇಡಿ. ಅವರ ಹೊಟ್ಟೆ ಇಲ್ಲಿನ ನೀರಿನದಲ್ಲ. ಕುದಿಸಿ ಆರಿಸಿದ ನೀರು, ಓಆರ್‌ಎಸ್ ಪಾಕೀಟು, ಸೊಳ್ಳೆಗೆ ಹಚ್ಚುವ ಕ್ರೀಮು, ಇಷ್ಟು ಸಾಕು. ಮಳೆಗಾಲದಲ್ಲಿ ಡೆಂಗಿ ಇರುತ್ತದೆ, ಸಂಜೆ ಪೂರ್ತಿ ತೋಳಿನ ಅಂಗಿ ಹಾಕಿಸಿ. ಇನ್ನೊಂದು ಮಾತು: ಅಲ್ಲಿ ಬೆಳೆದ ಮಕ್ಕಳು ನಾಯಿ ಕಂಡರೆ ಮುಟ್ಟಲು ಓಡುತ್ತಾರೆ. ಇಲ್ಲಿನ ಬೀದಿ ನಾಯಿ ಬೇರೆ ಅಂತ ಮೊದಲ ದಿನವೇ ಹೇಳಿ. ಕಚ್ಚಿದರೆ ಅಥವಾ ಪರಚಿದರೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ, ಮರುದಿನಕ್ಕೆ ಬಿಡಬೇಡಿ. ಬೆಳಗಾವಿಯಲ್ಲಿ ಕೆಎಲ್‌ಇ ಆಸ್ಪತ್ರೆ ಮತ್ತು ಬಿಮ್ಸ್, ವಿಜಯಪುರದಲ್ಲಿ ಬಿಎಲ್‌ಡಿಇ ಮತ್ತು ಜಿಲ್ಲಾ ಆಸ್ಪತ್ರೆ, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ ಮತ್ತು ಜಿಲ್ಲಾ ಆಸ್ಪತ್ರೆ ಇವೆ. ಆಂಬುಲೆನ್ಸ್ 108. ಅಜ್ಜ ಅಜ್ಜಿಯ ಫೋನಿನಲ್ಲೂ ಮನೆ ಹತ್ತಿರದ ಮಕ್ಕಳ ಡಾಕ್ಟರ ನಂಬರು ಇರಲಿ.

ಇದೆಲ್ಲಾ ಆದ ಮೇಲೆ ನಿಜವಾದ ಕೆಲಸ ಶುರು. ನನ್ನ ಮಕ್ಕಳಿಗೆ ಊರು ಅಂದರೆ ಏನು ಅಂತ ಗೊತ್ತಾಗಿದ್ದು ಪಂಚಮಿಯಿಂದ. ಹಬ್ಬಕ್ಕೆ ಎಂಟು ದಿನ ಮೊದಲೇ ಬಂದುಬಿಡಿ, ಅಡುಗೆ ಮನೆಯ ಗದ್ದಲ ಅವರು ನೋಡಬೇಕು. ಶೇಂಗಾ ಹುರಿಯುವುದು, ಎಳ್ಳು ಹಸನು ಮಾಡುವುದು, ಅಳ್ಳು ಹುರಿಯುವಾಗ ಜೋಳ ಪಟಪಟ ಅರಳುವುದು. ಶೇಂಗಾ ಉಂಡಿ, ಎಳ್ಳುಂಡಿ, ಲಡಕಿ ಉಂಡಿ, ಗುಳ್ಳಡಕಿ ಉಂಡಿ ಎಲ್ಲದಕ್ಕೂ ಕೈ ಹಾಕಲು ಬಿಡಿ. ಮಗ ಕಟ್ಟಿದ ಉಂಡಿ ಒಂದೂ ದುಂಡಗಿರಲಿಲ್ಲ. ಅವ್ವ ಅವನ್ನೇ ತಟ್ಟೆಯ ಮೇಲ್ಗಡೆ ಇಟ್ಟಳು. ಹಬ್ಬದ ಹಿಂದಿನ ದಿನ ರೊಟ್ಟಿ ಪಂಚಮಿ. ಕಟಕ ರೊಟ್ಟಿ, ಕಾಳು ಪಲ್ಯ, ಚಟ್ನಿ ಪುಡಿ ಮನೆಯಿಂದ ಮನೆಗೆ ಹೋಗುತ್ತವೆ. ಆ ತಾಟು ಹಿಡಿದು ಓಣಿಯಲ್ಲಿ ಹೋಗುವ ಕೆಲಸ ಮಕ್ಕಳಿಗೇ ಕೊಡಿ. ಎರಡು ದಿನದಲ್ಲಿ ಇಡೀ ಓಣಿಗೆ ಅವರ ಹೆಸರು ಗೊತ್ತಾಗುತ್ತದೆ.

ನಾಗಪ್ಪನಿಗೆ ಹಾಲೆರೆಯುವಾಗ ನಮ್ಮಲ್ಲಿ ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತಾರಲ್ಲ, ಅಜ್ಜನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಅಂತ. ನಿನ್ನೆ ಮಗಳು ಮನೆಯವರ ಹೆಸರೆಲ್ಲಾ ಹೇಳಿ, ಆಮೇಲೆ ಅಲ್ಲಿನ ತನ್ನ ಗೆಳತಿಯರ ಹೆಸರನ್ನೂ ಸೇರಿಸಿದಳು. ಒಬ್ಬಳು ಪೋಲೆಂಡಿನವಳು, ಒಬ್ಬಳು ನೈಜೀರಿಯಾದವಳು. ಅವ್ವ ತಡೆಯಲಿಲ್ಲ. "ಎರಿ ನನ್ನ ಕೂಸ, ಎಲ್ಲಾರ ಪಾಲೂ ಎರಿ" ಅಂದಳು. ಸಂಜೆ ಜೋಕಾಲಿ. ಕೊಬ್ಬರಿ ಬಟ್ಟಲಿಗೆ ದಾರ ಕಟ್ಟಿ ಗರಗರ ತಿರುಗಿಸುವುದನ್ನು ಮಗನಿಗೆ ನನ್ನ ತಮ್ಮ ಕಲಿಸಿದ. ಪಂಚಮಿ ತವರಿಗೆ ಬರುವ ಹಬ್ಬ. ಮದುವೆಯಾದ ಅಕ್ಕ ತಂಗಿಯರೆಲ್ಲಾ ಬಂದಿರುತ್ತಾರೆ, ಆದ್ದರಿಂದ ಮಕ್ಕಳಿಗೆ ಓರಗೆಯವರು ಬೇಕಾದಷ್ಟು ಸಿಗುತ್ತಾರೆ.

ಚಳಿಗಾಲಕ್ಕೆ ಬರುವವರು ಎಳ್ಳು ಅಮಾವಾಸ್ಯೆಯ ದಿನ ಯಾರದಾದರೂ ಹೊಲಕ್ಕೆ ಹೋಗಲೇಬೇಕು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ, ಬೆಳೆಯ ನಡುವೆ "ಹುಲ್ಲುಲ್ಲಿಗೋ" ಅಂತ ಕೂಗುತ್ತಾ ಚರಗ ಚೆಲ್ಲುವುದು. ಜೋರಾಗಿ ಕೂಗಿ, ಅನ್ನ ಚೆಲ್ಲಿ ಅಂತ ದೊಡ್ಡವರೇ ಹೇಳುವ ದಿನ ಮಕ್ಕಳಿಗೆ ಇನ್ನೆಲ್ಲಿ ಸಿಗುತ್ತದೆ ಹೇಳಿ. ಆ ದಿನಗಳಲ್ಲೇ ಸೀತನಿ ಬರುತ್ತದೆ. ಎಳೆ ಜೋಳದ ತೆನೆ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕೈಗೆ ಹಾಕುತ್ತಾರೆ.

ತಿರುಗಾಟ ಬೇಡ ಅಂತಲ್ಲ. ನಾಲ್ಕೈದು ದಿನಕ್ಕೆ ಒಂದು ಜಾಗ, ಅದೂ ಬೆಳಗ್ಗೆ ಬೇಗ ಹೋಗಿ ಊಟದ ಹೊತ್ತಿಗೆ ಮುಗಿಸಿ. ಮೊದಲು ಗೋಳಗುಮ್ಮಟ. 1656ರಲ್ಲಿ ಮುಗಿದ ಕಟ್ಟಡ, ಒಳಗೆ ಮುಹಮ್ಮದ್ ಆದಿಲ್ ಶಾಹನ ಗೋರಿ. ಮಕ್ಕಳಿಗೆ ಇಸವಿ ಬೇಕಿಲ್ಲ. ಮೂಲೆಯ ಗೋಪುರದ ಮೆಟ್ಟಿಲು ಏಳು ಅಂತಸ್ತು ಹತ್ತಿಸಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬರನ್ನು ಈ ಕಡೆ, ಒಬ್ಬರನ್ನು ಆ ಕಡೆ ನಿಲ್ಲಿಸಿ. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಮಾತಾಡಿದ್ದು ಎದುರಿನವರಿಗೆ ಕೇಳಿಸುತ್ತದೆ. ಹೊತ್ತು ಏರಿದರೆ ಶಾಲೆ ಪ್ರವಾಸದ ಮಕ್ಕಳು ಬರುತ್ತಾರೆ, ಆಗ ಬರೀ ಕೂಗಾಟವೇ ಕೇಳುವುದು. ಮೆಟ್ಟಿಲು ಕಡಿದು, ಕಿರಿದು. ಸಣ್ಣವರ ಕೈ ಬಿಡಬೇಡಿ. ಹತ್ತಿರದಲ್ಲೇ ಮಲಿಕ್-ಎ-ಮೈದಾನ್ ಫಿರಂಗಿ ಇದೆ, ಸುಮಾರು 55 ಟನ್ ಭಾರ. ಟಿಕೆಟ್ ವಿಷಯ ಹೇಳಿಬಿಡುತ್ತೇನೆ: ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದ ಒಳಗಿನವರಿಗೆ ಶುಲ್ಕ ಇಲ್ಲ. ಓಸಿಐ ಇದ್ದವರು ಭಾರತೀಯರ ದರವನ್ನೇ ಕೊಟ್ಟರೆ ಸಾಕು. ಕಾರ್ಡ್ ತೋರಿಸಿ ಕೇಳಿ.

ಬಾದಾಮಿಗೆ ಒಂದು ದಿನ ಪೂರ್ತಿ ಇಡಿ. ಮೊದಲ ಗುಹೆಯ 18 ಕೈಗಳ ನಟರಾಜನ ಮುಂದೆ ಮಕ್ಕಳು ತಾವೇ ಎಣಿಸಲು ಶುರು ಮಾಡುತ್ತಾರೆ. ಮೂರನೆಯ ಗುಹೆ ದೊಡ್ಡದು, ಅಲ್ಲಿ 578ರ ಶಾಸನವಿದೆ. ಮಂಗಗಳು ತುಂಬಾ ಇವೆ, ಕೈಯಲ್ಲಿ ತಿಂಡಿ ಬೇಡ. ಕನ್ನಡ ಕಲಿಯುತ್ತಿರುವ ದೊಡ್ಡ ಮಕ್ಕಳಿದ್ದರೆ ತಟ್ಟುಕೋಟೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ತೋರಿಸಿ. ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ಅದೇ ಹಳೆಯದು. ಪಟ್ಟದಕಲ್ಲು, ಐಹೊಳೆ ಇನ್ನೊಂದು ದಿನಕ್ಕೆ ಇರಲಿ. ಒಂದೇ ದಿನ ಮೂರನ್ನೂ ಹೊಂದಿಸಿದರೆ ದೊಡ್ಡವರಿಗೇ ಗುಡಿಗಳು ಕಲಸಿಹೋಗುತ್ತವೆ. ಬಾಗಲಕೋಟೆ, ಬಾದಾಮಿ, ಆಲಮಟ್ಟಿ, ವಿಜಯಪುರ ನಾಲ್ಕೂ ಗೋಲಗುಂಬಜ್ ಎಕ್ಸ್‌ಪ್ರೆಸ್ ದಾರಿಯಲ್ಲೇ ಇವೆ. ಮಕ್ಕಳಿಗೆ ಒಮ್ಮೆಯಾದರೂ ರೈಲು ಹತ್ತಿಸಿ. ಕಾರಿನಲ್ಲಾದರೆ ಮಕ್ಕಳ ಸೀಟು ಬಾಡಿಗೆ ಗಾಡಿಯಲ್ಲಿ ಸಿಗುವುದು ಕಷ್ಟ, ಅಲ್ಲಿಂದಲೇ ತನ್ನಿ.

ಬೆಳಗಾವಿ ಕಡೆ ಆಗಸ್ಟ್ ತಿಂಗಳ ಗೋಕಾಕ ಫಾಲ್ಸ್ ನೋಡಲೇಬೇಕು. ಘಟಪ್ರಭಾ 52 ಮೀಟರ್ ಎತ್ತರದಿಂದ ಕೆಂಪು ನೀರಾಗಿ ಬೀಳುತ್ತದೆ. ಕಲ್ಲು ಪಾಚಿಗಟ್ಟಿರುತ್ತದೆ, ಅಂಚಿಗೆ ಬಿಡಬೇಡಿ. ಕಿತ್ತೂರಿನ ಕೋಟೆ ನಮ್ಮ ಮಕ್ಕಳಿಗೆ ಬಹಳ ಮುಖ್ಯ ಅಂತ ನನಗನ್ನಿಸುತ್ತದೆ. ಅವರು ಓದುವುದು ಬ್ರಿಟಿಷ್ ಶಾಲೆಯಲ್ಲಿ. 1824ರಲ್ಲಿ ಚೆನ್ನಮ್ಮನ ಸೈನ್ಯ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೋಲಿಸಿತು, ಕಲೆಕ್ಟರ್ ಥ್ಯಾಕರೆ ಅಲ್ಲಿ ಸತ್ತ. ಆ ಮಣ್ಣಿನ ಮೇಲೆ ನಿಂತು ಅದನ್ನು ಕೇಳಲಿ. ಮಗಳು ಹೋದ ವರ್ಷ ತರಗತಿಯಲ್ಲಿ ಈ ಕಥೆ ಹೇಳಿದಳು, ಟೀಚರು ಪೂರ್ತಿ ಕೇಳಿದರಂತೆ.

ಕೂಡಲಸಂಗಮಕ್ಕೆ ಹೋಗುವ ಮೊದಲು ಲಂಡನ್ನಿನಲ್ಲೇ ಒಂದು ಕೆಲಸ ಮಾಡಿ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಅನಾವರಣವಾಯಿತು. ಅಲ್ಲಿ ಮಕ್ಕಳನ್ನು ನಿಲ್ಲಿಸಿ. ಆಮೇಲೆ ಇಲ್ಲಿಗೆ ಬಂದಾಗ ಬಸವನ ಬಾಗೇವಾಡಿ, ಕೃಷ್ಣಾ ಮಲಪ್ರಭಾ ಕೂಡುವ ಜಾಗ, ನೀರಿನ ನಡುವಿನ ಐಕ್ಯಮಂಟಪ ತೋರಿಸಿ. ಮಗ ಮಂಟಪದ ಮೆಟ್ಟಿಲು ಇಳಿಯುತ್ತಾ "ನಮ್ಮ ಲಂಡನ್ ಬಸವಣ್ಣ ಇಲ್ಲೇ ಇದ್ರಾ?" ಅಂತ ಕೇಳಿದ. ದಾರಿಯಲ್ಲಿ ಇಳಕಲ್ಲಿಗೆ ಹೋಗಿ ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯುವುದನ್ನೂ ನೋಡಬಹುದು. ಕೇಳಿದರೆ ಒಳಗೆ ಕರೆಯುತ್ತಾರೆ. ನೋಡಿ ಸುಮ್ನೆ ಬರಬೇಡಿ, ಒಂದು ಸೀರೆ ತಗೊಳ್ಳಿ.

ಮಾತಿನ ಬಗ್ಗೆ. ಮಕ್ಕಳು ಇಲ್ಲಿನ "ಬರ್ರಿ", "ಹೋಗೂಣು", "ಹೌದ್ರಿ" ಹಿಡಿದರೆ ತಿದ್ದಬೇಡಿ. ಅದು ಅವರ ಅಜ್ಜಿಯ ಭಾಷೆ. ಹೊರಡುವ ಮೊದಲು ಒಂದು ತಿಂಗಳು ವಿಡಿಯೋ ಕಾಲ್‌ನಲ್ಲಿ "ಆರಾಮ ಅದೀರಿ?" ಅಂತ ತಾವೇ ಕೇಳುವ ರೂಢಿ ಮಾಡಿಸಿ. ವಾಪಸ್ ಹೋದ ಮೇಲೆ ಓದಿಗೆ ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಪುಕ್ಕಟೆ ಕನ್ನಡ ಕಥೆಗಳಿವೆ. ಕನ್ನಡ ಬಳಗ ಯುಕೆ, ಕನ್ನಡಿಗರು ಯುಕೆ ಸಂಘಗಳ ಹಬ್ಬಗಳಿಗೆ ಹೋಗಿ.

ನಮ್ಮ ಹಳೆಯ ಮನೆ ಹಳೇ ಬಾಗಲಕೋಟೆಯಲ್ಲಿತ್ತು, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ಪ್ರತಿ ಸಲ ಬಂದಾಗ ಮಕ್ಕಳನ್ನು ನೀರಿನ ಅಂಚಿಗೆ ಕರೆದೊಯ್ದು ಅದು ಎಲ್ಲಿತ್ತು ಅಂತ ಕೈ ಮಾಡಿ ತೋರಿಸುತ್ತೇನೆ. ನಿಮ್ಮ ಹಳೆಯ ಮನೆ ಇನ್ನೂ ನಿಂತಿದ್ದರೆ ಮೊದಲು ಅಲ್ಲಿಗೆ ಹೋಗಿ.

ಹೊರಡುವಾಗ ಚೀಲ ತುಂಬುವ ಮಾತು. ಹಾಲಿನ ಪದಾರ್ಥಗಳನ್ನು ಭಾರತದಿಂದ ಅಲ್ಲಿಗೆ ಒಯ್ಯಲು ಬಿಡುವುದಿಲ್ಲ. ಬೆಳಗಾವಿ ಕುಂದಾ, ಅವ್ವ ಕಾಸಿದ ತುಪ್ಪ ಇಲ್ಲೇ ತಿಂದು ಮುಗಿಸಿ. ಕಟಕ ರೊಟ್ಟಿ ಹೋಗುತ್ತದೆ. ಕೊಬ್ಬರಿಗೂ ತಕರಾರಿಲ್ಲ. ಮಗ ದಾರ ಕಟ್ಟಿದ ತನ್ನ ಕೊಬ್ಬರಿ ಬಟ್ಟಲನ್ನು ಈಗಾಗಲೇ ಶಾಲೆಯ ಚೀಲದಲ್ಲಿ ಇಟ್ಟುಕೊಂಡಿದ್ದಾನೆ.