ಹೊಯಿಗೆ (ಮರಳು) ಮಣ್ಣಿನ ಹಿತ್ತಿಲಿನಲ್ಲಿ ಬೇರುಗಂಟು ಹುಳುವಿನ ಹತೋಟಿ: ನನ್ನ ಅನುಭವ

ಅಂಕೋಲೆಯ ಕಡಲಬದಿಯ ನಮ್ಮ ಜಮೀನಿನಲ್ಲಿ ಮಳೆಗಾಲಕ್ಕೆ ನೀರು ನಿಂತು ಭತ್ತ ಬೆಳೆಯುವ ಗದ್ದೆ ಒಂದು ಕಡೆ, ವರ್ಷವಿಡೀ ಬಸಳೆ, ಬದನೆ, ಬೆಂಡೆ ಇರುವ ಎತ್ತರದ ಹಿತ್ತಿಲು ಇನ್ನೊಂದು ಕಡೆ. ಬೇರಿನೊಳಗೆ ಸೇರಿ ಗಂಟು ಎಬ್ಬಿಸುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬೇರುಗಂಟು ಜಂತುಹುಳುವಿನ ಕಾಟ ಹೆಚ್ಚಾಗಿ ಹಿತ್ತಿಲಿನದೇ. ತಿಂಗಳುಗಟ್ಟಲೆ ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ತರಕಾರಿಗೆ ತಗಲುವ ಹುಳುಗಳು ಕುಗ್ಗುತ್ತವೆ (ಭತ್ತಕ್ಕೇ ಬರುವ ಜಾತಿ ಬೇರೆ, ಅದು ನೀರನ್ನು ತಾಳಿಕೊಳ್ಳುತ್ತದೆ); ಹಿತ್ತಿಲಿನ ಸಡಿಲ ಹೊಯಿಗೆಯಲ್ಲಿ ಅವಕ್ಕೆ ಓಡಾಟ ಸಲೀಸು. ನಾನು ಅನುಸರಿಸುವ ಕ್ರಮವೆಲ್ಲ ಈ ವ್ಯತ್ಯಾಸದಿಂದಲೇ ಬಂದದ್ದು.

ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತಿದ್ದರೆ, ಗೊಬ್ಬರ ಕೊಟ್ಟರೂ ಎಲೆ ಹಳದಿಯಾಗಿಯೇ ಉಳಿದರೆ, ಒಂದು ಗಿಡವನ್ನು ಕಿತ್ತು ಬೇರು ತೊಳೆದು ಗಂಟು ಇದೆಯೇ ಎಂದು ನೋಡುತ್ತೇನೆ. ಅಲಸಂದೆಯಲ್ಲಿ ಮಾತ್ರ ಜಾಗ್ರತೆ ಬೇಕು. ಅದರಲ್ಲಿ ಸಹಜವಾಗಿಯೇ ಇರುವ, ಗಾಳಿಯ ಸಾರಜನಕ ಹಿಡಿದುಕೊಡುವ ಒಳ್ಳೆಯ ಗಂಟುಗಳು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಉಗುರು ತಾಗಿಸಿದರೆ ಉದುರುತ್ತವೆ, ಒಡೆದರೆ ಒಳಗೆ ನಸುಗೆಂಪು. ಹುಳುವಿನ ಗಂಟಿನಲ್ಲಿ ಬೇರೇ ಉಬ್ಬಿರುತ್ತದೆ, ಬೇರು ಹರಿಯದೆ ಅದನ್ನು ಬಿಡಿಸಲಾಗದು.

ಹುಳು ಹೊಸ ಜಾಗಕ್ಕೆ ಬರುವುದು ಬಹುಪಾಲು ಸಸಿಯ ಬೇರಿನೊಂದಿಗೆ. ಆದ್ದರಿಂದ ಸಸಿಮಡಿಗೆ ನಾನು ಹೆಚ್ಚಿನ ಶ್ರಮ ಹಾಕುತ್ತೇನೆ. ಏಪ್ರಿಲ್–ಮೇ ಬಿಸಿಲಿನಲ್ಲಿ ಮಡಿಯನ್ನು ಹದವಾಗಿ ನೆನೆಸಿ, 25 ಮೈಕ್ರಾನ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಅಂಚನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡುತ್ತೇನೆ. ಕಪ್ಪು ಹಾಳೆಯಿಂದ ಮಣ್ಣು ಅಷ್ಟು ಕಾಯುವುದಿಲ್ಲ. ಒಣಮಣ್ಣಿಗೆ ಹಾಸಿದರೂ ಕೆಲಸ ಅರ್ಧವೇ. ಆಳದ ಹುಳುಗಳಿಗೆ ಈ ಬಿಸಿ ತಲುಪದು ಎಂಬುದನ್ನೂ ಮರೆಯಬಾರದು.

ಹಿತ್ತಿಲಿನಲ್ಲಿ ಬಸಳೆ ಚಪ್ಪರವನ್ನು ಒಂದೇ ಜಾಗದಲ್ಲಿ ಉಳಿಸುವುದಿಲ್ಲ, ಏಕೆಂದರೆ ಬಸಳೆ ಈ ಹುಳುವಿಗೆ ಬಹಳ ಬೇಗ ತುತ್ತಾಗುವ ಬೆಳೆ. ಚಪ್ಪರ ಎತ್ತಿದ ಜಾಗಕ್ಕೆ ಶೇಂಗಾ ಅಥವಾ ಚೆಂಡು ಹೂ ಬರುತ್ತದೆ. ತರಕಾರಿಯಲ್ಲಿ ಹೆಚ್ಚಾಗಿ ಕಾಣುವ ಇನ್‌ಕಾಗ್ನಿಟಾ ಎಂಬ ಹುಳುವಿನ ಜಾತಿ ಶೇಂಗಾ ಬೇರಿನಲ್ಲಿ ಬೆಳೆಯುವುದಿಲ್ಲ. ಅರೆನೇರಿಯಾ ಜಾತಿ ಶೇಂಗಾವನ್ನೂ ಬಿಡದ ಕಾರಣ ಕೀಳುವಾಗ ಬೇರು, ಕಾಯಿ ಎರಡನ್ನೂ ಪರೀಕ್ಷಿಸುತ್ತೇನೆ. ಚೆಂಡು ಹೂವನ್ನು ಬದುವಿನಲ್ಲಿ ಅಲ್ಲೊಂದು ಇಲ್ಲೊಂದು ನೆಟ್ಟರೆ ಅಂದವಷ್ಟೇ. ಇಡೀ ತಾಕಿಗೆ ಒತ್ತಾಗಿ ಎರಡು ಮೂರು ತಿಂಗಳು ಬೆಳೆದರೆ ಮಾತ್ರ ಹುಳು ಕುಗ್ಗಿಸುವ ಅದರ ಬೇರಿನ ಗುಣ ಮಣ್ಣಿಗೆ ದಕ್ಕುತ್ತದೆ.

ನಾಟಿಗೆ ಮೊದಲು ಕೊಟ್ಟಿಗೆ ಗೊಬ್ಬರಕ್ಕೆ ಬೇವಿನ ಹಿಂಡಿ ಬೆರೆಸಿ, ಕ್ವಿಂಟಲಿಗೆ ತಲಾ 200 ಗ್ರಾಂ ಲೆಕ್ಕದಲ್ಲಿ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಗೂ ಹುಳುವಿನ ಮೊಟ್ಟೆ ತಿನ್ನುವ ಪರ್ಪ್ಯುರಿಯೋಸಿಲಿಯಂ ಶಿಲೀಂಧ್ರ ಸೇರಿಸಿ, ನೆರಳಿನಲ್ಲಿ ತೇವ ಆರದಂತೆ ಎರಡು ವಾರ ಮುಚ್ಚಿಡುತ್ತೇನೆ. ಗಂಟು ತುಂಬಿದ ಗಿಡಕ್ಕೆ ಆಮೇಲೆ ಇದನ್ನು ಸುರಿದರೆ ಹೆಚ್ಚಿನ ಫಲವಿಲ್ಲ.

ಕೊಯ್ಲು ಮುಗಿದ ಬದನೆ, ಬೆಂಡೆಯನ್ನು ಬುಡ ಕಡಿದು ಬಿಡದೆ ಬೇರುಸಹಿತ ಕಿತ್ತು, ಬಿಸಿಲಿಗೆ ಒಣಗಿಸಿ ಸುಡುತ್ತೇನೆ. ಒಂದು ಹೆಣ್ಣು ಹುಳು ನೂರಾರು ಮೊಟ್ಟೆ ಇಡುತ್ತದೆ, ನಮ್ಮ ಸೆಕೆಗೆ ತಿಂಗಳೊಳಗೆ ಹೊಸ ತಲೆಮಾರು ಸಿದ್ಧವಾಗುತ್ತದೆ. ಅಂಥ ಬೇರು ಗೊಬ್ಬರಗುಂಡಿಗೆ ಹೋಗಬಾರದು.

ಹಿಂದೆ ಎಲ್ಲರೂ ಎರಚುತ್ತಿದ್ದ ಫೋರೇಟ್ ಎಂಬ ಹುಳು ಕೊಲ್ಲುವ ವಿಷದ ಹರಳು 2020ರ ಕೊನೆಗೆ ನಿಷೇಧವಾಯಿತು. ಹೊಯಿಗೆಯಲ್ಲಿ ಇಂಗಿದ್ದು ಕುಡಿಯುವ ಬಾವಿಗೇ ಸೇರುವ ನಮ್ಮಂಥ ಜಾಗದಲ್ಲಿ ಅದು ಹೋದದ್ದೇ ಒಳ್ಳೆಯದಾಯಿತು. ಹುಳು ತಡೆಯುವ ಟೊಮೆಟೊ ತಳಿಗಳಿವೆಯಾದರೂ, ಮಣ್ಣಿನ ಬಿಸಿ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವುಗಳ ತಡೆಯುವ ಗುಣ ಸಡಿಲಗೊಳ್ಳುತ್ತದೆ. ಹಾಗಾಗಿ ಅಂಥ ತಳಿಯನ್ನು ಭತ್ತ ಕೊಯ್ದ ಗದ್ದೆಯಲ್ಲಿ ಚಳಿಯ ತಿಂಗಳುಗಳಿಗೆ ಮಾತ್ರ ನೆಡುತ್ತೇನೆ, ಬೇಸಿಗೆಗೆ ಹಿತ್ತಿಲಿಗೆ ತರುವುದಿಲ್ಲ.